ಸುಕ್ಕುಗಟ್ಟಿದ ನೋಟಿಗೇ ನಮ್ಮ ಮತ



ಈ ಸಲದ ರಾಜ್ಯೋತ್ಸವದಂದು ಸಭಾಂಗಣದ ಹಿಂಬದಿಯಲ್ಲಿ ಹಳೆಯ ನೋಟುಗಳ ಪ್ರದರ್ಶನ ಇಡಬೇಕೆಂದು ಸಮಿತಿ ಯೋಚಿಸಿದೆ. ಬಹಳ ಸಂತೋಷ. ನೋಟು ಕೂಡಿಡುವ ಹುಚ್ಚು ಹತ್ತಿಸಿಕೊಂಡಿರುವ ನಾವು ನಾಲ್ಕಾರು ಮಂದಿ ನಮ್ಮ ಆಲ್ಬಮ್‌ಗಳನ್ನು ಕೊಡಲು ಒಪ್ಪಿದ್ದೇವೆ. ಅವುಗಳಲ್ಲಿ ಹೆಚ್ಚಿನವು ಪೂರ್ವ ಆಫ್ರಿಕದ ವಸಾಹತು ಕಾಲದ ನೋಟುಗಳು. ಆದರೆ ಮೇಜಿನ ಮುಂದೆ ತೂಗುಹಾಕಲು ಸೂಚಿಸಿರುವ ಫಲಕ ಹೀಗಿದೆ: “ಆಫ್ರಿಕದಲ್ಲೂ ಮೆರೆದ ನಮ್ಮ ರೂಪಾಯಿ!” ಜೊತೆಗೊಂದು ಷರತ್ತು: ಗರಿಗರಿ ನೋಟುಗಳನ್ನು ಮಾತ್ರ ಇಡಬೇಕು, ಹರಿದದ್ದು, ಕೊಳೆಯಾದದ್ದು ಬೇಡ. ಇವೆರಡಕ್ಕೂ ನಮ್ಮ ವಿರೋಧವಿದೆ. ಯಾಕೆಂದು ಎಲ್ಲ ಸದಸ್ಯರ ಮುಂದೆ ಹೇಳುತ್ತೇವೆ.

ಮೊದಲು ಫಲಕದ ಮಾತು. ಗುಜರಾತ್, ಮುಂಬಯಿ ಕಡೆಯ ವರ್ತಕರ ಹಡಗುಗಳ ಜೊತೆ ರೂಪಾಯಿ ಜಾಂಜಿಬಾರ್, ಮೊಂಬಾಸ ತೀರಕ್ಕೆ ಹೋದದ್ದು ನಿಜ. ಅಲ್ಲಿ ಅದು ಚೆನ್ನಾಗಿ ನಡೆಯುತ್ತಿದ್ದದ್ದರಿಂದಲೇ ಆಮೇಲೆ ಬಂದ ಐರೋಪ್ಯರೂ ಅದನ್ನೇ ಹಿಡಿದುಕೊಂಡರು. ಬ್ರಿಟಿಷರು 1905ರ ತಾರೀಖು ಹಾಕಿ ಈಸ್ಟ್ ಆಫ್ರಿಕಾ ಪ್ರೊಟೆಕ್ಟೊರೇಟಿನ ರೂಪಾಯಿ ನೋಟು ತಂದರು. ಜಾಂಜಿಬಾರ್ ಸರ್ಕಾರದ ರೂಪಾಯಿ ನೋಟು 1908ರಲ್ಲಿ ಬಂತು. ಇಂದಿನ ತಾಂಜಾನಿಯದ ಮುಖ್ಯ ಭೂಭಾಗವನ್ನು ಆಳುತ್ತಿದ್ದ ಜರ್ಮನರೂ ತಮ್ಮ ಹಣಕ್ಕೆ ‘ರೂಪಿ’ ಎಂದೇ ಹೆಸರಿಟ್ಟರು. 15 ರೂಪಿಗೆ 20 ಮಾರ್ಕ್ ಎಂದು ಲೆಕ್ಕ ಕಟ್ಟಿದರು. ಅವರ ನೋಟು ಅಚ್ಚಾದದ್ದು ಲೈಪ್‌ಜಿಗ್‌ನಲ್ಲಿ. ಅದರ ಮೇಲಿದ್ದ ಮುಖ ಕೈಸರನದು. ಇದರಲ್ಲಿ ಮೆರೆದವರು ಯಾರು ಸ್ವಾಮಿ?

ಈ ಹಣ ಆಫ್ರಿಕದ ಹಳ್ಳಿಯವನ ಕೈಗೆ ಹೇಗೆ ಬಂತು ಎಂಬುದನ್ನು ಫಲಕ ಹೇಳುವುದಿಲ್ಲ. ಜರ್ಮನರು 1898ರಲ್ಲಿ, ಬ್ರಿಟಿಷರು ಕೀನ್ಯದಲ್ಲಿ 1901ರಲ್ಲಿ ಗುಡಿಸಲು ತೆರಿಗೆ ಹಾಕಿದರು. ಇದ್ದ ಪ್ರತಿ ಗುಡಿಸಲಿಗೂ ಇಷ್ಟು ರೂಪಾಯಿ ಎಂದು. ಜೋಳ ಬೆಳೆದು, ದನ ಸಾಕಿ ಬದುಕುತ್ತಿದ್ದವನಿಗೆ ರೂಪಾಯಿ ಎಲ್ಲಿಂದ ಬರಬೇಕು? ಬಿಳಿಯರ ತೋಟಕ್ಕೆ ಕೂಲಿಗೆ ಹೋಗಬೇಕು. ತೆರಿಗೆಯ ಉದ್ದೇಶಗಳಲ್ಲಿ ಅದೂ ಒಂದು.

ನಮ್ಮ ಸಂಗ್ರಹದಲ್ಲಿ ಎಲ್ಲರೂ ಆಸೆಪಡುವ ಒಂದು ನೋಟಿದೆ: ಡಾಯ್ಚ್-ಓಸ್ಟ್ಆಫ್ರಿಕಾನಿಷೆ ಬ್ಯಾಂಕಿನ ಐದು ರೂಪಿ. ಅದರ ಮೇಲೆ ಸಿಂಹಗಳ ಚಿತ್ರ, ತಾರೀಖು 15 ಜೂನ್ 1905. ಅದೇ ವರ್ಷ ಜುಲೈ ತಿಂಗಳಲ್ಲಿ ಮಾತುಂಬಿ ಬೆಟ್ಟದ ಜನ ಬಲವಂತವಾಗಿ ಬೆಳೆಸುತ್ತಿದ್ದ ಹತ್ತಿಯ ಗಿಡಗಳನ್ನು ಕಿತ್ತೆಸೆದರು. ಅದೇ ಮಾಜಿ ಮಾಜಿ ದಂಗೆಯ ಮೊದಲು. 1907ರ ಹೊತ್ತಿಗೆ ದಂಗೆ ಅಡಗಿತು. ಪೈರು, ಕಣಜ ಸುಟ್ಟು ಜರ್ಮನರು ತಂದ ಬರದಲ್ಲಿ ಸತ್ತವರೂ ಸೇರಿ ಎರಡೂವರೆಯಿಂದ ಮೂರು ಲಕ್ಷ ಜನ ಹೋದರೆಂದು ಇತಿಹಾಸಕಾರರ ಅಂದಾಜು. ಅಂಕೋಲ, ಸಿದ್ದಾಪುರದ ಕರನಿರಾಕರಣೆಯ ಕಥೆಯನ್ನು ನಮ್ಮ ಮಕ್ಕಳಿಗೆ ಎದೆಯುಬ್ಬಿಸಿ ಹೇಳುವವರು ನಾವು. ಬೇರೆಯವರ ನೆಲದಲ್ಲಿ ತೆರಿಗೆ ಕಿತ್ತ ಕಾಗದವನ್ನು ತೋರಿಸಿ, ನೋಡಿ ಮಕ್ಕಳೇ ನಮ್ಮ ವೈಭವ ಎಂದರೆ ನ್ಯಾಯವೇ?

ಮತ್ತೊಂದು ನೋಟು ನೋಡಿ, 1920ರ ಪೂರ್ವ ಆಫ್ರಿಕದ ಫ್ಲಾರಿನ್. ಇದರ ಆಯುಸ್ಸು ಬಹಳ ಕಡಿಮೆ. ಒಂದು ಶಿಲಿಂಗ್ ನಾಲ್ಕು ಪೆನ್ಸ್ ಇದ್ದ ರೂಪಾಯಿ ಮೊದಲ ಮಹಾಯುದ್ಧದ ನಂತರ ಏರತೊಡಗಿ, 1920ರಲ್ಲಿ ಅದನ್ನು ಎರಡು ಶಿಲಿಂಗಿಗೆ ಕಟ್ಟಿಹಾಕಿದರು. ಬೆಳೆಯನ್ನು ಸ್ಟರ್ಲಿಂಗ್‌ಗೆ ಮಾರಿ ಕೂಲಿಯನ್ನು ರೂಪಾಯಿಯಲ್ಲಿ ಕೊಡುತ್ತಿದ್ದ ಕೀನ್ಯದ ಬಿಳಿಯ ತೋಟದವರು ಬೊಬ್ಬೆ ಹಾಕಿದರು. ರೂಪಾಯಿ ಹೋಗಿ ಫ್ಲಾರಿನ್ ಬಂತು, 1921ರಲ್ಲಿ ಫ್ಲಾರಿನ್ ಹೋಗಿ ಶಿಲಿಂಗ್ ಬಂತು. ಕೊನೆಗೆ ಭಾರ ಬಿದ್ದದ್ದು ಯಾರ ಮೇಲೆ? ಅದೇ 1921ರಲ್ಲಿ ಆಫ್ರಿಕದ ಕೂಲಿಗಳ ಸಂಬಳವನ್ನು ಮೂರರಲ್ಲಿ ಒಂದು ಪಾಲು ಕಡಿಯಲು ತೋಟದವರು ತೀರ್ಮಾನಿಸಿದರು. ಇದನ್ನು ಎದುರಿಸಿ ಎದ್ದವರು ಹ್ಯಾರಿ ಥುಕು. 1922ರ ಮಾರ್ಚಿಯಲ್ಲಿ ಅವರನ್ನು ಬಂಧಿಸಿದಾಗ ನೈರೋಬಿಯಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿತು. ಥುಕು ಅವರಿಗೆ ಬೆಂಬಲವಾಗಿ ನಿಂತವರಲ್ಲಿ ಪತ್ರಿಕೆ ನಡೆಸುತ್ತಿದ್ದ ಮಣಿಲಾಲ್ ಅಂಬಾಲಾಲ್ ದೇಸಾಯಿ ಒಬ್ಬರು. ಭಾರತೀಯರೆಂದು ಹೆಮ್ಮೆ ಪಡಲೇಬೇಕಾದರೆ ಇಲ್ಲಿ ಪಡೋಣ.

ಇನ್ನು ಜಾಂಜಿಬಾರಿನ ನೋಟಿನ ಮೇಲೆ, ಆಮೇಲೆ ಬಂದ ಈಸ್ಟ್ ಆಫ್ರಿಕನ್ ಕರೆನ್ಸಿ ಬೋರ್ಡಿನ ಶಿಲಿಂಗ್ ನೋಟುಗಳ ಮೇಲೆ ಗುಜರಾತಿ ಅಕ್ಷರ ಇರುವುದನ್ನು ತೋರಿಸಿ ಕೆಲವರು ಕೊಂಡಾಡುತ್ತಾರೆ. ಅಂಗಡಿ, ಲೇವಾದೇವಿ ಯಾರ ಕೈಯಲ್ಲಿತ್ತು ಎಂಬುದಕ್ಕೆ ಅದು ಸಾಕ್ಷಿ, ಅಷ್ಟೆ. ಭಾರತೀಯರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1896ರಿಂದ 1901ರವರೆಗೆ ಉಗಾಂಡಾ ರೈಲು ಹಾಕಲು ಸುಮಾರು 32,000 ಕೂಲಿಗಳನ್ನು ಭಾರತದಿಂದ ಕರಾರಿನ ಮೇಲೆ ಒಯ್ದರು. ಸುಮಾರು 2,500 ಮಂದಿ ಅಲ್ಲೇ ಸತ್ತರು. ಮುಂದೆ 1972ರಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯನ್ನರನ್ನು ಉಗಾಂಡದಿಂದ ಹೊರಹಾಕಿದಾಗ 27,000ಕ್ಕೂ ಹೆಚ್ಚು ಮಂದಿ ನಾವಿರುವ ಈ ಬ್ರಿಟನ್ನಿಗೇ ಬಂದರು. ಈ ಊರಿನ ಎಷ್ಟೋ ಮನೆಗಳ ಹಳೆಯ ಸೂಟ್‌ಕೇಸುಗಳಲ್ಲಿ ಇಂಥ ನೋಟು ಸಿಗುವುದಕ್ಕೆ ಇದೇ ಕಾರಣ.

ಈಗ ಎರಡನೆಯ ಮಾತು, ಗರಿಗರಿ ನೋಟಿನ ಷರತ್ತು. ನೋಟಿನ ಪೇಟೆಯಲ್ಲಿ ಅತಿ ಹೆಚ್ಚು ಬೆಲೆ ‘ಅನ್‌ಸರ್ಕ್ಯುಲೇಟೆಡ್’ ನೋಟಿಗೆ, ಎಂದರೆ ಯಾರೂ ಬಳಸದ ನೋಟಿಗೆ. ಮಡಿಕೆಗೆ ಇಷ್ಟು ಕಡಿತ, ಕಲೆಗೆ ಇಷ್ಟು ಕಡಿತ, ಪಿನ್ನಿನ ತೂತಿಗೆ ಇಷ್ಟು ಕಡಿತ. ಬ್ಯಾಂಕಿನ ಪೆಟ್ಟಿಗೆಯಿಂದ ನೇರ ಆಲ್ಬಮ್ಮಿಗೆ ಬಂದದ್ದಕ್ಕೆ ನೂರಾರು ಪೌಂಡು. ಕೂಲಿಯವನ ಸೆರಗಿನ ಗಂಟಿನಿಂದ ತೆರಿಗೆ ಗುಮಾಸ್ತನ ಮೇಜಿಗೆ, ಅಲ್ಲಿಂದ ಅಂಗಡಿಯವನ ಗಲ್ಲಾಕ್ಕೆ ಓಡಾಡಿ ಸವೆದದ್ದಕ್ಕೆ ಕವಡೆ ಕಾಸು. ಪೇಟೆಯ ಲೆಕ್ಕ ಪೇಟೆಗಿರಲಿ. ಸಂಘದ ಪ್ರದರ್ಶನಕ್ಕೂ ಅದೇ ತಕ್ಕಡಿ ಯಾಕೆ? ನೋಟು ಏನು ಕೆಲಸ ಮಾಡಿತು ಎಂದು ತೋರಿಸುವುದು ಆ ಮಡಿಕೆ, ಆ ಎಣ್ಣೆ ಕಲೆ. ಅದನ್ನು ಮುಚ್ಚಿಟ್ಟು ಸಿಂಹದ ಚಿತ್ರ ತೋರಿಸುವುದಾದರೆ ಕ್ಯಾಲೆಂಡರ್ ತೂಗುಹಾಕಿದರೆ ಸಾಕು.

ಈ ಷರತ್ತಿನಿಂದ ಇನ್ನೊಂದು ಅನಾಹುತವಿದೆ. ಬೆಲೆ ಏರಲೆಂದು ಕೆಲವರು ನೋಟನ್ನು ತೊಳೆದು ಇಸ್ತ್ರಿ ಹಾಕುತ್ತಾರೆ. ಅದರಿಂದ ಕಾಗದದ ಜೀವ ಹೋಗುತ್ತದೆ, ಶಾಯಿ ಮಾಸುತ್ತದೆ. ತಿಳಿದ ವ್ಯಾಪಾರಿ ಬೆಳಕಿಗೆ ಹಿಡಿದ ಕೂಡಲೇ ಕಂಡುಹಿಡಿಯುತ್ತಾನೆ. ಮನೆಯಲ್ಲಿ ಹಳೆಯ ನೋಟು ಇರುವವರು ದಯವಿಟ್ಟು ನೀರು, ಸೋಪು, ಇಸ್ತ್ರಿ, ಅಂಟುಪಟ್ಟಿ ಯಾವುದನ್ನೂ ಮುಟ್ಟಿಸಬೇಡಿ. ಪಿವಿಸಿ ಚೀಲವೂ ಬೇಡ, ಪಾಲಿಯೆಸ್ಟರ್ ಚೀಲ ಒಳ್ಳೆಯದು.

ಇದು ಹವ್ಯಾಸ, ಇದರಲ್ಲಿ ರಾಜಕೀಯ ಯಾಕೆ ಎಂದು ಕೇಳುವವರಿದ್ದಾರೆ. ರಾಜನ ತಲೆ ಅಚ್ಚು ಹಾಕಿದ ಕಾಗದಕ್ಕಿಂತ ರಾಜಕೀಯವಾದ ವಸ್ತು ಯಾವುದಿದೆ? ನಾವು ಹೊಸದಾಗಿ ಏನನ್ನೂ ತುರುಕುತ್ತಿಲ್ಲ, ಇದ್ದದ್ದನ್ನು ಓದಿ ಹೇಳುತ್ತಿದ್ದೇವೆ. ದಾಸ್ಯದ ಗುರುತುಗಳನ್ನು ಕೂಡಿಡುವುದೇ ತಪ್ಪು ಎನ್ನುವವರೂ ಇದ್ದಾರೆ. ಅವರ ಮಾತನ್ನೂ ನಾವು ಒಪ್ಪುವುದಿಲ್ಲ. ಸಾಲದ ಪತ್ರ ಸುಟ್ಟರೆ ಸಾಲಗಾರನಿಗೆ ಲಾಭವೇ ಹೊರತು ಸಾಲ ಕೊಟ್ಟವನಿಗಲ್ಲ.

ಆದ್ದರಿಂದ ಸಮಿತಿಯ ಮುಂದೆ ನಮ್ಮ ಬೇಡಿಕೆ ಮೂರು. ಒಂದು, ಫಲಕ ಬದಲಾಗಬೇಕು. “ಪೂರ್ವ ಆಫ್ರಿಕದ ರೂಪಾಯಿ: ಯಾರು ಅಚ್ಚು ಹಾಕಿದರು, ಯಾರು ದುಡಿದರು” ಎಂದು ಬರೆಯಿರಿ. ಎರಡು, ಪ್ರತಿಯೊಂದು ಗರಿಗರಿ ನೋಟಿನ ಪಕ್ಕದಲ್ಲಿ ಒಂದು ಸವೆದ ನೋಟು ಇರಬೇಕು. ಎರಡರ ಬೆಲೆಚೀಟಿಯನ್ನೂ ತೆಗೆಯಬೇಕು. ಮೂರು, ನೈರೋಬಿ, ಕಂಪಾಲ, ದಾರ್-ಎಸ್-ಸಲಾಮ್‌ನಲ್ಲಿ ಬಾಳಿದ ಹಿರಿಯರು ನಿಮ್ಮ ನೆರೆಹೊರೆಯಲ್ಲಿದ್ದರೆ, ಯಾವ ಭಾಷೆಯವರೇ ಆಗಲಿ, ಅಂದು ಬಂದು ಮೇಜಿನ ಬಳಿ ಕೂರಲು ಕರೆಯಿರಿ. ಒಂದು ಶಿಲಿಂಗಿಗೆ ಏನು ಬರುತ್ತಿತ್ತು, ಕೂಲಿ ಎಷ್ಟಿತ್ತು ಎಂದು ಮಕ್ಕಳು ಅವರನ್ನೇ ಕೇಳಿ ಬರೆದುಕೊಳ್ಳಲಿ. ನೋಟು ನಾಳೆಯೂ ಪೇಟೆಯಲ್ಲಿ ಸಿಗುತ್ತದೆ. ಆ ಹಿರಿಯರು ಹೋದರೆ ಅವರ ಮಾತು ಎಲ್ಲೂ ಸಿಗುವುದಿಲ್ಲ.

ಈ ಮೂರಕ್ಕೆ ಸಮಿತಿ ಒಪ್ಪಿದರೆ ನಮ್ಮ ಆಲ್ಬಮ್‌ಗಳು ಸಿದ್ಧ. ಒಪ್ಪದಿದ್ದರೆ ಆ ಮೇಜಿನ ಮೇಲೆ ಕೋಸಂಬರಿ ಇಡಿ, ನಮ್ಮ ಅಡ್ಡಿಯಿಲ್ಲ.