ಡಾಕ್ಟರೇಟ್ ಪಡೆದ ನರ್ಸ್‌ಗೆ ವಾರ್ಡಿನಲ್ಲಿ ಜಾಗವೆಲ್ಲಿ?

ಹೆಚ್ಚು ಓದಿದಷ್ಟೂ ರೋಗಿಯಿಂದ ದೂರ ಸರಿಯಬೇಕಾದ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡು ಹೊಸ ಪದವಿ ತಂದರೆ ಪ್ರಯೋಜನವಿಲ್ಲ

ನಮ್ಮ ಆಸ್ಪತ್ರೆಗಳಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ನಿಯಮವೊಂದಿದೆ: ನರ್ಸ್ ಹೆಚ್ಚು ಓದಿದಷ್ಟೂ ರೋಗಿಯಿಂದ ದೂರವಾಗಬೇಕು. ಜಿಎನ್‌ಎಂ ಅಥವಾ ಬಿ.ಎಸ್ಸಿ ನರ್ಸಿಂಗ್ ಮುಗಿಸಿದವರು ವಾರ್ಡಿನಲ್ಲಿ ಪಾಳಿ ಮಾಡುತ್ತಾರೆ. ಎಂ.ಎಸ್ಸಿ ಮಾಡಿದವರು ಬಹುಮಟ್ಟಿಗೆ ಕಾಲೇಜಿಗೆ ಪಾಠ ಹೇಳಲು ಹೋಗುತ್ತಾರೆ. ಪಿಎಚ್.ಡಿ ಮುಗಿಸಿದವರು ಪ್ರಾಧ್ಯಾಪಕರೋ ಪ್ರಾಂಶುಪಾಲರೋ ಆಗುತ್ತಾರೆ. ವೈದ್ಯರ ವಿಚಾರದಲ್ಲಿ ಇದು ತಿರುವುಮುರುವು. ಎಂಬಿಬಿಎಸ್ ಮೇಲೆ ಎಂ.ಡಿ, ಅದರ ಮೇಲೆ ಡಿ.ಎಂ ಮಾಡಿದವರನ್ನೇ ನಾವು ಅತ್ಯಂತ ಜಟಿಲ ಸ್ಥಿತಿಯ ರೋಗಿಯ ಬಳಿಗೆ ಕರೆಸುತ್ತೇವೆ. ವೈದ್ಯರ ಓದು ರೋಗಿಗೆ ಸಲ್ಲುತ್ತದೆ, ನರ್ಸ್‌ಗಳ ಓದು ಕಾಲೇಜಿನ ಮಾನ್ಯತೆಯ ಕಡತಕ್ಕೆ ಸಲ್ಲುತ್ತದೆ.

ಉನ್ನತ ಶುಶ್ರೂಷಾ ವೃತ್ತಿಯಲ್ಲಿ ಡಾಕ್ಟರೇಟ್ ಪದವಿ ನಮಗೂ ಬೇಕೇ ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ನೋಡಬೇಕು. ಅಮೆರಿಕದಲ್ಲಿ ಇಂಥ ಪದವಿ ಎರಡು ದಶಕಗಳಿಂದ ಇದೆ. ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’ ಅಥವಾ ಡಿಎನ್‌ಪಿ ಎಂದು ಅದನ್ನು ಕರೆಯುತ್ತಾರೆ. ಪಿಎಚ್.ಡಿ ಹೊಸ ಜ್ಞಾನವನ್ನು ಹುಡುಕುವ ಪದವಿ. ಡಿಎನ್‌ಪಿ ಇರುವ ಜ್ಞಾನವನ್ನು ವಾರ್ಡಿಗೆ, ಕ್ಲಿನಿಕ್ಕಿಗೆ ಇಳಿಸುವುದನ್ನು ಕಲಿಸುವ ಪದವಿ. ಪ್ರಬಂಧದ ಬದಲು ಅಲ್ಲಿ ಒಂದು ಯೋಜನೆ ಮಾಡಬೇಕು: ತಾನು ಕೆಲಸ ಮಾಡುವ ಘಟಕದ ಯಾವುದಾದರೂ ಸಮಸ್ಯೆಯನ್ನು ಹಿಡಿದು, ಪುರಾವೆಯ ಆಧಾರದಲ್ಲಿ ಅದನ್ನು ಸುಧಾರಿಸಿ, ಫಲಿತಾಂಶವನ್ನು ಅಳೆದು ತೋರಿಸಬೇಕು. ಬಿ.ಎಸ್ಸಿಯಿಂದ ನೇರವಾಗಿ ಈ ಕೋರ್ಸಿಗೆ ಸೇರಿದವರಿಗೆ ಕನಿಷ್ಠ 1,000 ಗಂಟೆಗಳ ವೃತ್ತಿ ತರಬೇತಿಯನ್ನು 2006ರ ಮಾನದಂಡ ನಿಗದಿ ಮಾಡಿತ್ತು.

ಅಮೆರಿಕದಲ್ಲಿ ಮೊದಲು ಹುಟ್ಟಿದ್ದು ಪದವಿಯಲ್ಲ, ಕೆಲಸ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ವೈದ್ಯರ ಅಭಾವವಿದ್ದ ಕಡೆ ಮಕ್ಕಳನ್ನು ಪರೀಕ್ಷಿಸಿ, ಸಾಮಾನ್ಯ ಕಾಯಿಲೆಗಳನ್ನು ನಿಭಾಯಿಸಿ, ಕೈಮೀರಿದ್ದನ್ನು ವೈದ್ಯರಿಗೆ ಕಳಿಸುವ ನರ್ಸ್‌ಗಳು ಅವರಿಗೆ ಬೇಕಿತ್ತು. ಮುಂದಿನ ದಶಕಗಳಲ್ಲಿ ಈ ಕೆಲಸಕ್ಕೆ ಕಾನೂನಿನ ಮಾನ್ಯತೆ ಬಂತು, ಔಷಧ ಬರೆಯುವ ಅಧಿಕಾರ ಬಂತು, ವಿಮೆಯ ಹಣ ಬಂತು. ಓದಿನ ಮಟ್ಟವೂ ಸರ್ಟಿಫಿಕೇಟ್‌ನಿಂದ ಸ್ನಾತಕೋತ್ತರಕ್ಕೆ ಏರಿತು. ಇವೆಲ್ಲ ಗಟ್ಟಿಯಾದ ಮೇಲೆ, 2001ರಲ್ಲಿ, ಕೆಂಟಕಿ ವಿಶ್ವವಿದ್ಯಾಲಯ ಮೊದಲ ಡಿಎನ್‌ಪಿ ಕೋರ್ಸ್ ತೆರೆಯಿತು. ಕೆಲಸಕ್ಕೂ ಡಾಕ್ಟರೇಟಿಗೂ ನಡುವೆ 36 ವರ್ಷಗಳ ಅಂತರವಿದೆ.

2004ರಲ್ಲಿ ಅಲ್ಲಿನ ನರ್ಸಿಂಗ್ ಕಾಲೇಜುಗಳ ಒಕ್ಕೂಟ ಒಂದು ನಿರ್ಣಯ ಮಾಡಿತು: 2015ರ ಹೊತ್ತಿಗೆ ಉನ್ನತ ಶುಶ್ರೂಷಾ ವೃತ್ತಿಗೆ ಬರುವವರೆಲ್ಲರಿಗೂ ಡಾಕ್ಟರೇಟ್ ಇರಬೇಕು. ಕೋರ್ಸುಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಈಗ 400ಕ್ಕೂ ಹೆಚ್ಚಿವೆ. ಆದರೆ ಗುರಿ ಮುಟ್ಟಲಿಲ್ಲ. ಸ್ನಾತಕೋತ್ತರ ಪದವಿ ಪಡೆದು ನರ್ಸ್ ಪ್ರಾಕ್ಟೀಷನರ್ ಆಗುವ ದಾರಿ ಇವತ್ತಿಗೂ ತೆರೆದೇ ಇದೆ. ಕಟ್ಟುನಿಟ್ಟಾಗಿ ಡಾಕ್ಟರೇಟಿಗೆ ದಾಟಿದ್ದು ಅರಿವಳಿಕೆ ನೀಡುವ ನರ್ಸ್‌ಗಳ ವಿಭಾಗ. 2022ರ ಜನವರಿಯಿಂದ ಆ ಕ್ಷೇತ್ರದ ಹೊಸ ವಿದ್ಯಾರ್ಥಿಗಳೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸಿಗೇ ಸೇರಬೇಕು.

ಉಳಿದವರು ಯಾಕೆ ದಾಟಲಿಲ್ಲ? ಒಂದು ಕಾರಣ ಖರ್ಚು. ಇನ್ನೊಂದು, ಪುರಾವೆಯ ಕೊರತೆ. 2000ನೇ ಇಸವಿಯಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕ ‘ಜಾಮಾ’ದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮೇರಿ ಮಂಡಿಂಗರ್ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. 1,316 ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು ವೈದ್ಯರ ಬಳಿಗೆ, ಕೆಲವರನ್ನು ನರ್ಸ್ ಪ್ರಾಕ್ಟೀಷನರ್‌ಗಳ ಬಳಿಗೆ ಕಳಿಸಲಾಗಿತ್ತು. ಆರು ತಿಂಗಳ ಬಳಿಕ ನೋಡಿದರೆ ಎರಡೂ ಗುಂಪಿನ ಆರೋಗ್ಯ ಬಹುತೇಕ ಒಂದೇ ಮಟ್ಟದಲ್ಲಿತ್ತು. ಉನ್ನತ ಶುಶ್ರೂಷೆಯ ಪರವಾಗಿ ಮಾತಾಡುವವರೆಲ್ಲ ಈ ಅಧ್ಯಯನವನ್ನು ಎತ್ತಿಹಿಡಿಯುತ್ತಾರೆ. ಮಂಡಿಂಗರ್ ಸ್ವತಃ ಮುಂದೆ ವೃತ್ತಿ ಡಾಕ್ಟರೇಟಿನ ದೊಡ್ಡ ಪ್ರತಿಪಾದಕಿಯಾದರು. ಆದರೆ ಆ ಅಧ್ಯಯನ ನಡೆದಾಗ ಡಿಎನ್‌ಪಿ ಎಂಬ ಪದವಿಯೇ ಇರಲಿಲ್ಲ. ಆ ನರ್ಸ್‌ಗಳು ಡಾಕ್ಟರೇಟ್ ಇಲ್ಲದೆಯೇ ವೈದ್ಯರಿಗೆ ಸಮನಾದ ಫಲಿತಾಂಶ ಕೊಟ್ಟಿದ್ದರು. ಅವರ ಕೈಗೆ ಬಲ ತಂದದ್ದು ಸ್ವತಂತ್ರವಾಗಿ ನಿರ್ಧರಿಸುವ ಅಧಿಕಾರ ಮತ್ತು ಅದಕ್ಕೆ ತಕ್ಕ ತರಬೇತಿ.

ಅಮೆರಿಕದ ಅನುಭವದಲ್ಲಿ ಇನ್ನೂ ಎರಡು ಎಚ್ಚರಿಕೆಗಳಿವೆ. ಡಿಎನ್‌ಪಿ ಜನಪ್ರಿಯವಾದಂತೆ ನರ್ಸಿಂಗ್ ಪಿಎಚ್.ಡಿಗೆ ಸೇರುವವರ ಸಂಖ್ಯೆ 2013ರಿಂದೀಚೆಗೆ ಇಳಿಯುತ್ತಾ ಬಂದಿದೆ. ಸಂಶೋಧನೆ ಮಾಡುವವರೇ ಕಡಿಮೆಯಾದರೆ ವಾರ್ಡಿಗೆ ಇಳಿಸಲು ಹೊಸ ಜ್ಞಾನ ಎಲ್ಲಿಂದ ಬರಬೇಕು? ಎರಡನೆಯದು ಸಾಲದ್ದು. 2025ರ ಜುಲೈನಲ್ಲಿ ಅಂಗೀಕಾರವಾದ ಕಾನೂನು ವಿದ್ಯಾರ್ಥಿಗಳ ಸರ್ಕಾರಿ ಸಾಲಕ್ಕೆ ಮಿತಿ ಹಾಕಿತು: ‘ವೃತ್ತಿಪರ’ ಪದವಿಗಳಿಗೆ ಒಟ್ಟು 2 ಲಕ್ಷ ಡಾಲರ್, ಉಳಿದ ಉನ್ನತ ಪದವಿಗಳಿಗೆ 1 ಲಕ್ಷ ಡಾಲರ್. ಅದೇ ವರ್ಷದ ನವೆಂಬರ್‌ನಲ್ಲಿ ಶಿಕ್ಷಣ ಇಲಾಖೆಯ ಸಮಿತಿ ಒಪ್ಪಿದ ಕರಡಿನಲ್ಲಿ ವೈದ್ಯಕೀಯ, ಕಾನೂನು, ಔಷಧ ವಿಜ್ಞಾನ, ದೈವಶಾಸ್ತ್ರಗಳು ವೃತ್ತಿಪರ ಪಟ್ಟಿಯಲ್ಲಿದ್ದವು. ನರ್ಸಿಂಗ್ ಇರಲಿಲ್ಲ. ನರ್ಸ್‌ಗಳ ಸಂಘಟನೆಗಳು ಸಿಡಿದೆದ್ದವು. ನರ್ಸ್‌ಗಳ ಓದಿನ ಮೇಲೆ ಅಷ್ಟೊಂದು ಹೂಡಿದ ದೇಶದಲ್ಲೂ ಅದರ ಬೆಲೆಯನ್ನು ಕಡತದ ಒಂದು ಸಾಲು ಅರ್ಧಕ್ಕಿಳಿಸಬಲ್ಲದು.

ಇನ್ನು ನಮ್ಮ ಮನೆಯ ಲೆಕ್ಕ. ನರ್ಸಿಂಗ್ ಪಿಎಚ್.ಡಿ ವಿಚಾರದಲ್ಲಿ ಕರ್ನಾಟಕಕ್ಕೆ ಮುಖ್ಯ ಸ್ಥಾನವಿದೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಭಾರತೀಯ ನರ್ಸಿಂಗ್ ಪರಿಷತ್ತು ಕಟ್ಟಿದ ಪಿಎಚ್.ಡಿ ರಾಷ್ಟ್ರೀಯ ಒಕ್ಕೂಟಕ್ಕೆ ಪದವಿ ಕೊಡುವ ಹೊಣೆ ಹೊತ್ತದ್ದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ನಿಮ್ಹಾನ್ಸ್ ಮನೋರೋಗ ಶುಶ್ರೂಷೆಯಲ್ಲಿ, ಮಣಿಪಾಲ ಹಲವು ವಿಭಾಗಗಳಲ್ಲಿ ಪಿಎಚ್.ಡಿ ಕೊಡುತ್ತಿವೆ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಓದಿಸುವ ಶಕ್ತಿ ನಮಗಿಲ್ಲ ಎನ್ನುವಂತಿಲ್ಲ. ಆದರೆ ಈ ಪದವೀಧರರಿಗೆ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಅವರ ಓದಿಗೆ ತಕ್ಕ ಹುದ್ದೆಯಿಲ್ಲ. ಶುಶ್ರೂಷಾಧಿಕಾರಿಯಾಗಿ ಸೇರಿದವರು ಸೇವಾ ಹಿರಿತನದ ಮೇಲೆ ಮೇಲಕ್ಕೇರುತ್ತಾರೆ. ಹಾಗೆ ಏರಿದ ಮೇಲೆ ಅವರ ಪಾಲಿಗೆ ಬರುವುದು ಪಾಳಿ ಪಟ್ಟಿ, ದಾಸ್ತಾನು ಪುಸ್ತಕ, ರಜೆ ಅರ್ಜಿಗಳ ವಿಲೇವಾರಿ. ಕ್ಲಿನಿಕಲ್ ಪರಿಣತಿಗೆಂದೇ ಬಡ್ತಿ ಪಡೆದು ರೋಗಿಯ ಬಳಿಯೇ ಉಳಿಯುವ ದಾರಿ ಇಲ್ಲ.

ಬೇರೆ ದಾರಿ ಯೋಚಿಸಿಲ್ಲವೆಂದಲ್ಲ. 2016–17ರಲ್ಲಿ ಪರಿಷತ್ತು ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ ಆರಂಭಿಸಿತು. ಬಿ.ಎಸ್ಸಿ ಮುಗಿಸಿ ಐಸಿಯುನಲ್ಲಿ ಕೆಲಸ ಮಾಡಿದವರು ಸೇರಬಹುದು. ಕಲಿಕೆಯ ಬಹುಪಾಲು ಐಸಿಯುನಲ್ಲೇ ನಡೆಯುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ನರ್ಸ್ ಪ್ರಾಕ್ಟೀಷನರ್ ವೃಂದವೊಂದನ್ನು ಕಟ್ಟಬೇಕೆಂದು ಹೇಳಿತು. ಆದರೆ ಕೋರ್ಸು ಬಂದಷ್ಟು ಬೇಗ ಹುದ್ದೆ ಬರಲಿಲ್ಲ. ಎರಡು ವರ್ಷ ವೆಂಟಿಲೇಟರ್ ಹೊಂದಿಸುವುದನ್ನೂ ರಕ್ತದೊತ್ತಡ ಕುಸಿದಾಗ ಮಾಡಬೇಕಾದ್ದನ್ನೂ ಕಲಿತು ಬಂದವರನ್ನು ಮತ್ತೆ ಮಾಮೂಲಿ ಪಾಳಿಗೆ ಹಾಕಿದರೆ, ಅವರು ಒಂದೋ ಕಾಲೇಜಿಗೆ ಹೋಗುತ್ತಾರೆ, ಇಲ್ಲವೇ ವಿಮಾನ ಹತ್ತುತ್ತಾರೆ. ನಮ್ಮ ಕಾಲೇಜುಗಳಲ್ಲಿ ಓದಿದ ಎಷ್ಟೋ ನರ್ಸ್‌ಗಳ ಪರಿಣತಿ ಇವತ್ತು ಕೊಲ್ಲಿ ದೇಶಗಳ, ಬ್ರಿಟನ್ನಿನ, ಅಮೆರಿಕದ ರೋಗಿಗಳಿಗೆ ದಕ್ಕುತ್ತಿದೆ. ಅವರಲ್ಲಿ ದೇಶದ್ರೋಹ ಹುಡುಕುವುದಕ್ಕಿಂತ ನಮ್ಮ ವೇತನ ಪಟ್ಟಿ ನೋಡುವುದು ಲೇಸು. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ, ಖಾಸಗಿ ಆಸ್ಪತ್ರೆಗಳ ನರ್ಸ್‌ಗಳಿಗೆ ತಿಂಗಳಿಗೆ ಕನಿಷ್ಠ ₹20,000 ಕೊಡಬೇಕೆಂದು ಶಿಫಾರಸು ಮಾಡಬೇಕಾಯಿತು ಎಂಬುದರಲ್ಲೇ ಪರಿಸ್ಥಿತಿ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಪಕ್ಕದ ತೆಲಂಗಾಣದಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿ ಶೇ 60.7ರಷ್ಟು ಹೆರಿಗೆಗಳು ಸಿಸೇರಿಯನ್. ಕರ್ನಾಟಕದಲ್ಲಿ ಶೇ 31.5. ಈ ಸಮೀಕ್ಷೆಗೂ ಮೊದಲೇ ಪಿಡುಗಿಗೆ ಮದ್ದು ಹುಡುಕಿದ ತೆಲಂಗಾಣ ಸರ್ಕಾರ, ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಮತ್ತು ಯುನಿಸೆಫ್ ಜೊತೆಗೂಡಿ 2017ರಲ್ಲಿ ತನ್ನದೇ ನರ್ಸ್‌ಗಳನ್ನು ಆರಿಸಿ ಸೂಲಗಿತ್ತಿಯರ ಉನ್ನತ ತರಬೇತಿಗೆ ಕಳಿಸಿತು. ತರಬೇತಿ ಮುಗಿದ ಮೇಲೆ ಸರ್ಕಾರಿ ಹೆರಿಗೆ ಕೋಣೆಗಳಿಗೇ ಮರಳಿ ನಿಯೋಜಿಸಿತು. ಮರುವರ್ಷ ಕೇಂದ್ರ ಸರ್ಕಾರ 18 ತಿಂಗಳ ‘ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ’ ಮಾರ್ಗಸೂಚಿ ತಂದಿತು. ತೆಲಂಗಾಣದ ಸಿಸೇರಿಯನ್ ಪ್ರಮಾಣ ಇದೊಂದರಿಂದಲೇ ಇಳಿದೀತೆಂದು ನಂಬಬೇಕಿಲ್ಲ. ಆದರೆ ಕ್ರಮ ಸರಿಯಿದೆ: ಮೊದಲು ಕೆಲಸ ಯಾವುದೆಂದು ಗುರುತಿಸಿದರು, ಆಮೇಲೆ ಅದಕ್ಕೆ ಬೇಕಾದ ಓದು ಕೊಟ್ಟರು, ಕೊನೆಗೆ ಓದಿದವರನ್ನು ಅದೇ ಕೆಲಸಕ್ಕೆ ಕಳಿಸಿದರು.

ಇಲ್ಲಿ ಎರಡು ಆಕ್ಷೇಪಗಳು ಸಹಜ. ನರ್ಸ್‌ಗಳೇ ಸಾಲದಿರುವಾಗ ಡಾಕ್ಟರೇಟಿನ ಮಾತೇಕೆ ಎಂಬುದು ಮೊದಲನೆಯದು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬ ಪರಿಷತ್ತಿನ ಮಾನದಂಡವನ್ನು ನೆನೆದು, ನಮ್ಮ ಯಾವುದೇ ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಬಂದವರಿಗೆ ಈ ಆಕ್ಷೇಪದ ತೂಕ ಗೊತ್ತು. ಆದರೆ ಸಂಖ್ಯೆ ಮತ್ತು ಓದು ಒಂದಕ್ಕೊಂದು ಎದುರಾಳಿಗಳಲ್ಲ. 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲಿಂಡಾ ಐಕೆನ್ ತಂಡ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳ, 4.2 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆ ವಿಶ್ಲೇಷಿಸಿತು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನಗಳೊಳಗಿನ ಸಾವಿನ ಸಂಭವ ಶೇ 7ರಷ್ಟು ಏರುತ್ತಿತ್ತು. ಪದವೀಧರ ನರ್ಸ್‌ಗಳ ಪಾಲು ಶೇ 10ರಷ್ಟು ಹೆಚ್ಚಾದರೆ, ಅದೇ ಸಂಭವ ಶೇ 7ರಷ್ಟು ಇಳಿಯುತ್ತಿತ್ತು. ಈ ಲೆಕ್ಕ ಹಾಸಿಗೆಯ ಪಕ್ಕದಲ್ಲಿ ಕೆಲಸ ಮಾಡುವ ಪದವೀಧರರದು, ಪಾಠದ ಕೋಣೆಗೆ ಹೋದವರದಲ್ಲ ಎಂಬುದನ್ನು ಮರೆಯಬಾರದು.

ಎರಡನೆಯ ಆಕ್ಷೇಪ ವೈದ್ಯರದು. ಅರ್ಧ ಓದಿದವರ ಕೈಗೆ ಔಷಧ ಚೀಟಿ ಕೊಟ್ಟರೆ ರೋಗಿಯ ಗತಿಯೇನು ಎಂಬ ಅವರ ಆತಂಕವನ್ನು ವೃತ್ತಿ ಮತ್ಸರವೆಂದು ತಳ್ಳಿಹಾಕುವುದು ಸರಿಯಲ್ಲ. ನಕಲಿ ವೈದ್ಯರ ಹಾವಳಿ ಕಂಡ ನಾಡು ನಮ್ಮದು. ಅಮೆರಿಕದಲ್ಲೂ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ನರ್ಸ್ ಪ್ರಾಕ್ಟೀಷನರ್‌ಗಳಿಗೆ ಪೂರ್ಣ ಅಧಿಕಾರ ಕೊಟ್ಟಿದ್ದರೆ, ಉಳಿದವು ವೈದ್ಯರ ಸಹಯೋಗ ಅಥವಾ ಮೇಲ್ವಿಚಾರಣೆಯಂಥ ಷರತ್ತು ಇಟ್ಟಿವೆ. ನಾವು ಪೂರ್ಣ ಅಧಿಕಾರದಿಂದ ಆರಂಭಿಸಬೇಕಿಲ್ಲ. ಈಗಲೂ ರಾತ್ರಿ ಪಾಳಿಯಲ್ಲಿ ಡ್ಯೂಟಿ ಡಾಕ್ಟರ್ ಬರುವುದರೊಳಗೆ ಅನುಭವಿ ನರ್ಸ್‌ಗಳು ಎಷ್ಟೋ ನಿರ್ಧಾರ ತೆಗೆದುಕೊಳ್ಳುತ್ತಾರೆ. ಸರಿಯಾದರೆ ಅದರ ಹೆಸರು ಬೇರೆಯವರಿಗೆ, ತಪ್ಪಿದರೆ ನೋಟಿಸ್ ಅವರಿಗೆ. ಯಾವ ಸ್ಥಿತಿಯಲ್ಲಿ ಯಾವ ಔಷಧ, ಎಷ್ಟು ಪ್ರಮಾಣ, ಯಾವಾಗ ವೈದ್ಯರನ್ನು ಕರೆಯಲೇಬೇಕು ಎಂಬುದನ್ನು ಆಸ್ಪತ್ರೆಯ ವೈದ್ಯರೂ ನರ್ಸ್‌ಗಳೂ ಕೂತು ಬರೆದು ಸಹಿ ಹಾಕಿದರೆ, ರೋಗಿಯೂ ಸುರಕ್ಷಿತ, ಹೊಣೆಯೂ ಸ್ಪಷ್ಟ.

ಹಾಗಾದರೆ ರಾಜ್ಯ ಏನು ಮಾಡಬಹುದು? ಮೊದಲ ಕೆಲಸ ವಿಶ್ವವಿದ್ಯಾಲಯದ್ದಲ್ಲ, ವೃಂದ ಮತ್ತು ನೇಮಕಾತಿ ನಿಯಮಗಳನ್ನು ಬರೆಯುವವರದು. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಐಸಿಯು, ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಘಟಕ ಮತ್ತು ಹೆರಿಗೆ ವಿಭಾಗಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಹುದ್ದೆ ಸೃಷ್ಟಿಸಬೇಕು. ಅದಕ್ಕೆ ಬೋಧಕರಿಗಿಂತ ಕಡಿಮೆಯಲ್ಲದ ವೇತನ ಶ್ರೇಣಿ ಕೊಡಬೇಕು. ಎರಡನೆಯದಾಗಿ, ಕಾಲೇಜು ಮತ್ತು ಆಸ್ಪತ್ರೆಯ ನಡುವಿನ ಗೋಡೆ ಬೀಳಬೇಕು. ವೆಲ್ಲೂರಿನ ಸಿಎಂಸಿಯಲ್ಲಿ ನರ್ಸಿಂಗ್ ಬೋಧಕರಿಗೆ ವಾರ್ಡಿನ ಜವಾಬ್ದಾರಿಯೂ ಇರುತ್ತದೆ. ವೈದ್ಯಕೀಯ ಪ್ರಾಧ್ಯಾಪಕರು ರೌಂಡ್ಸ್ ಮಾಡುವಂತೆ ನರ್ಸಿಂಗ್ ಪ್ರಾಧ್ಯಾಪಕರೂ ಮಾಡಬಹುದೆಂಬುದಕ್ಕೆ ಇಷ್ಟು ಹತ್ತಿರದ ಮಾದರಿ ಇರುವಾಗ ಬೇರೆ ಪುರಾವೆ ಬೇಡ.

ಡಾಕ್ಟರೇಟ್ ಬರಬೇಕಾದ್ದು ಮೂರನೆಯ ಹಂತದಲ್ಲಿ. ರಾಜೀವ್ ಗಾಂಧಿ ವಿಶ್ವವಿದ್ಯಾಲಯ ವೃತ್ತಿನಿರತ ನರ್ಸ್‌ಗಳಿಗೆಂದೇ ಕ್ಲಿನಿಕಲ್ ಡಾಕ್ಟರೇಟ್ ರೂಪಿಸಬಹುದು. ಅಭ್ಯರ್ಥಿ ಕೆಲಸ ಬಿಡಬೇಕಿಲ್ಲ, ಅವಳ ವಾರ್ಡೇ ಪ್ರಯೋಗಶಾಲೆ. ಹಾಸಿಗೆ ಹುಣ್ಣು, ಕ್ಯಾಥೆಟರ್ ಸೋಂಕು, ವೆಂಟಿಲೇಟರ್‌ನಿಂದ ಬರುವ ನ್ಯುಮೋನಿಯಾ, ನವಜಾತ ಶಿಶುಗಳ ನಂಜು, ಬಾಣಂತಿಯರ ರಕ್ತಸ್ರಾವ: ನರ್ಸ್‌ಗಳ ಕೈಯಲ್ಲೇ ಬಹುಪಾಲು ತಡೆಯಬಹುದಾದ ಇಂಥ ಸಮಸ್ಯೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನು ಹಿಡಿದು ಮೂರು ವರ್ಷದಲ್ಲಿ ತಗ್ಗಿಸಿ ತೋರಿಸಿದವಳಿಗೆ ಪದವಿ ಕೊಡಲಿ. ಈಗಿನ ಪಿಎಚ್.ಡಿ ಸಂಶೋಧನೆಗೆಂದೇ ಇರಲಿ; ಒಂದು ಬೆಳೆಯಲು ಇನ್ನೊಂದು ಸೊರಗಬೇಕಿಲ್ಲ.

ಇದಕ್ಕೆ ದೆಹಲಿಯ ಕಡೆ ನೋಡುತ್ತ ಕೂರಬೇಕೇ? 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಅಂಗೀಕರಿಸಿದೆ. ಕೋರ್ಸುಗಳ ಮಾನದಂಡ ಹಾಕಿಕೊಡುವುದು ಆಯೋಗದ ಕೆಲಸ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ಹುದ್ದೆ ಇರಬೇಕು, ಅದಕ್ಕೆ ಎಷ್ಟು ಸಂಬಳ ಎಂದು ತೀರ್ಮಾನಿಸುವ ಅಧಿಕಾರ ರಾಜ್ಯದ ಕೈಯಲ್ಲೇ ಇದೆ. ಈ ಸರದಿಯನ್ನು ತಿರುಗಿಸಿ ಪದವಿಯನ್ನೇ ಮೊದಲು ತಂದರೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಕೆಲವು ಕಾಲೇಜುಗಳಿಗೆ ಶುಲ್ಕ ಕೀಳಲು ಹೊಸ ಕೋರ್ಸು ಸಿಗುತ್ತದೆ, ಕೆಲವು ನಾಮಫಲಕಗಳ ಮೇಲೆ ‘ಡಾ.’ ಸೇರುತ್ತದೆ, ವಾರ್ಡು ಮಾತ್ರ ತನ್ನ ಅತ್ಯುತ್ತಮ ನರ್ಸ್‌ಗಳನ್ನು ಇನ್ನಷ್ಟು ಬೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಮುಂದಿನ ಬಜೆಟ್ಟಿನಲ್ಲಿ ಹೊಸ ನರ್ಸಿಂಗ್ ಕಾಲೇಜುಗಳ ಘೋಷಣೆಗಿಂತ ಮೊದಲು, ಒಂದು ಜಿಲ್ಲಾಸ್ಪತ್ರೆಯಲ್ಲಾದರೂ ನರ್ಸ್ ಪ್ರಾಕ್ಟೀಷನರ್ ಹುದ್ದೆಗೆ ಮಂಜೂರಾತಿ ಸಿಗಲಿ.