ಸಾವಿರ ಅಡಿಯ ನೀರು ಮೇಯುವ ಸೀಮೆ ಹಸು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ರೈತರ ಕೈಯಲ್ಲಿ ವರ್ಷವಿಡೀ ಕಾಸು ಆಡಿಸುವುದು ರೇಷ್ಮೆಗೂಡು ಮತ್ತು ಡೇರಿಯ ಬಟವಾಡೆ. ಎರಡಕ್ಕೂ ಹಸಿರು ಬೇಕು. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ, 700 ಮಿ.ಮೀ. ಆಸುಪಾಸಿನ ಮಳೆಯ ಈ ಸೀಮೆಯಲ್ಲಿ ಆ ಹಸಿರನ್ನು ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಂದ ಎತ್ತುತ್ತಿದ್ದೇವೆ. ಸೀಮೆಹುಲ್ಲು ಒಳ್ಳೆಯ ಮೇವೇ, ಆದರೆ ಬೇಸಿಗೆಯಲ್ಲಿ ನೀರು ಹಾಯಿಸದಿದ್ದರೆ ಚಿಗುರುವುದಿಲ್ಲ. ಬೋರು ಬತ್ತಿದ ದಿನ ಉಳಿಯುವುದು ರಾಗಿ ಹುಲ್ಲಿನ ಮೆದೆ. ಅದು ಹೊಟ್ಟೆ ತುಂಬಿಸೀತು, ಕೆಚ್ಚಲು ತುಂಬಿಸದು. ಅದರ ಪ್ರೋಟೀನ್ ನೂರಕ್ಕೆ ನಾಲ್ಕರ ಸುತ್ತಮುತ್ತ, ಸುಬಾಬುಲ್ ಸೊಪ್ಪಿನದು 20ರ ಮೇಲೆ. ಆ ಕೊರತೆಯನ್ನು ಹಿಂಡಿ, ಬೂಸಾ ಕೊಂಡು ತುಂಬಿಸುವಷ್ಟರಲ್ಲಿ ಬಟವಾಡೆ ಕರಗಿರುತ್ತದೆ.

ಹಾಗಾಗಿ ಮೇವನ್ನು ಬೋರಿನಿಂದ ಬಿಡಿಸಿ ಮಳೆಗೆ ಕಟ್ಟಬೇಕು. ಮರ, ಪೊದೆ, ಹುಲ್ಲು ಮೂರನ್ನೂ ಒಂದೇ ನೆಲದಲ್ಲಿ ಬೆಳೆಸುವುದು ಅದರ ದಾರಿ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಈ ಪದ್ಧತಿಯ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ಅದರ ಕೇಂದ್ರ ನಮ್ಮ ಧಾರವಾಡದಲ್ಲೇ ಇದೆ. ಲೆಕ್ಕ ಸರಳ. ಹುಲ್ಲಿನ ಬೇರು ಮೇಲ್ಮಣ್ಣಿನ ತೇವ ಹೀರಿದರೆ, ಮರದ ಬೇರು ಕೆಳಗಿನದನ್ನು ಹುಡುಕುತ್ತದೆ. ಕಲ್ಲುನೆಲಕ್ಕೆ ಅಂಜನ ಹುಲ್ಲು, ನೆರಳಿಗೆ ಗಿನಿ ಹುಲ್ಲು, ನಡುವೆ ಮಣ್ಣಿಗೆ ಸಾರಜನಕ ಕೊಡುವ ಸ್ಟೈಲೋ. ಹುಲ್ಲು ಒಣಗಿ ನಿಂತ ಚೈತ್ರದಲ್ಲೂ ಎದೆಮಟ್ಟಕ್ಕೆ ಕಡಿದ ಗ್ಲಿರಿಸಿಡಿಯಾ, ಸುಬಾಬುಲ್ ಕೂಳೆಯಲ್ಲಿ ಚಿಗುರು ಒಡೆಯುತ್ತದೆ.

ನೆಲ ಎಲ್ಲಿದೆ ಎಂದು ಕೇಳುವವರು ಭೂಕಂದಾಯ ನಿಯಮ ನೋಡಲಿ: ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಬಿಡಬೇಕೆಂದು ಅದು ಹೇಳುತ್ತದೆ. ಎಷ್ಟೋ ಗೋಮಾಳ ಮಂಜೂರಾಗಿ, ಒತ್ತುವರಿಯಾಗಿ ಹೋಗಿದೆ, ನಿಜ. ಉಳಿದಿದ್ದಾದರೂ ಉಳಿಯಲಿ. ಇನ್ನು ನೀಲಗಿರಿ ತೋಪುಗಳು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು, ಆದರೆ ಕಡಿದ ಬುಡ ಮತ್ತೆ ಮತ್ತೆ ಚಿಗುರುವುದನ್ನು ಯಾವ ಆದೇಶವೂ ತಡೆಯದು. ಬುಡವನ್ನೇ ಕೀಳಿಸಿದ ನೆಲ ಮೇವಿಗೆ ಸಿಗಬೇಕು.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಗೋಮಾಳಕ್ಕೆ ಬೇಲಿ ಹಾಕಿದರೆ ಕುರಿ, ಮೇಕೆಯನ್ನೇ ನಂಬಿದ ಭೂಮಿಯಿಲ್ಲದವರು ಎಲ್ಲಿಗೆ ಹೋಗಬೇಕು? ಇದನ್ನು ತಳ್ಳಿಹಾಕುವ ಯೋಜನೆ ಸೋಲುವುದೇ ಸರಿ. ಇಡೀ ಗೋಮಾಳ ಮುಚ್ಚಬೇಕಿಲ್ಲ. ಮೂರರಲ್ಲಿ ಒಂದು ಪಾಲು ಮುಚ್ಚಿ, ಅಲ್ಲಿಂದ ಕೊಯ್ದು ತರುವ ಹುಲ್ಲಿನಲ್ಲಿ ಮೊದಲ ಹಕ್ಕು ಅವರಿಗೇ ಇರಲಿ. ಮರ ಬೆಳೆಯಲು ಮೂರು ವರ್ಷ ಬೇಕು, ಆದರೆ ಹುಲ್ಲು ಮೊದಲ ಮಳೆಗಾಲದಲ್ಲೇ ಕುಡುಗೋಲಿಗೆ ಸಿಗುತ್ತದೆ. ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ವಿಷಾಂಶವಿದೆ ಎಂಬುದೂ ದಿಟ. ಮೇವಿನ ಮೂರನೇ ಒಂದು ಭಾಗ ಮೀರದಂತೆ ಬೆರೆಸಿದರೆ ತೊಂದರೆಯಿಲ್ಲ. ಸೀಮೆಹುಲ್ಲನ್ನು ಪೂರ್ತಿ ಬಿಡಿ ಎಂದೂ ಯಾರೂ ಹೇಳುತ್ತಿಲ್ಲ, ಎರಡು ಕುಂಟೆ ಕಡಿಮೆಯಾದರೂ ಅಷ್ಟು ನೀರು ಉಳಿದಂತೆ.

ಗ್ರಾಮ ಪಂಚಾಯಿತಿಗಳು ಮುಂಗಾರಿಗೆ ಮುಂಚೆ ತಮ್ಮ ಗೋಮಾಳದ ಹದ್ದುಬಸ್ತು ಮಾಡಿಸಲಿ, ಹತ್ತು ಎಕರೆಯಲ್ಲಾದರೂ ಹುಲ್ಲಿನ ಬೀಜ ಚೆಲ್ಲಲಿ.