ಸಂಜೆ ಬಂದವರ ಕೂಲಿ

ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಪೇಟೆಯ ಚೌಕಕ್ಕೆ ಹೋಗಿ ಆಳುಗಳನ್ನು ಕರೆದ. ದಿನಕ್ಕೆ ಒಂದು ಬೆಳ್ಳಿ ನಾಣ್ಯವೆಂದು ಕೂಲಿ ಗೊತ್ತಾಯಿತು. ಒಂಬತ್ತು ಗಂಟೆಯ ಹೊತ್ತಿಗೆ ಮತ್ತೆ ಹೋದ, ನಡುಮಧ್ಯಾಹ್ನ ಹೋದ, ಮೂರು ಗಂಟೆಗೂ ಹೋದ. ಹೊತ್ತು ಮುಳುಗಲು ಒಂದೇ ತಾಸು ಉಳಿದಿರುವಾಗಲೂ ಹೋಗಿ, ಅಲ್ಲಿ ಇನ್ನೂ ನಿಂತಿದ್ದವರನ್ನು ಕರೆತಂದ. ಸಂಜೆ ಎಲ್ಲರ ಕೈಗೂ ಬಿದ್ದದ್ದು ಅದೇ ಒಂದು ನಾಣ್ಯ. ದೇವರ ಔದಾರ್ಯ ಎಂಥದೆಂದು ತಿಳಿಸಲು ಯೇಸುಸ್ವಾಮಿ ಹೇಳಿದ ಈ ದೃಷ್ಟಾಂತ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿದೆ. ಲೆಕ್ಕ ಬಲ್ಲ ವಿದ್ಯಾರ್ಥಿ ಇದನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುವುದು ಸಹಜ. ಹನ್ನೆರಡು ತಾಸಿಗೂ ಒಂದು, ಒಂದು ತಾಸಿಗೂ ಒಂದೇ!

ಆ ಹನ್ನೆರಡು ತಾಸು ನಮ್ಮ ಗಡಿಯಾರದ್ದಲ್ಲ ಎಂಬುದನ್ನೂ ಹೇಳಬೇಕು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನೇ ಹನ್ನೆರಡು ಪಾಲು ಮಾಡುತ್ತಿದ್ದರು. ಪ್ಯಾಲೆಸ್ಟೈನ್ ಇರುವುದು ಸುಮಾರು 32 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಬೇಸಿಗೆಯ ಹಗಲು ಹದಿನಾಲ್ಕು ಗಂಟೆಯವರೆಗೆ ಬೆಳೆಯುತ್ತದೆ, ಚಳಿಗಾಲದಲ್ಲಿ ಹತ್ತಕ್ಕೆ ಇಳಿಯುತ್ತದೆ. ಕತೆಯಲ್ಲಿ ಹೇಳಿಲ್ಲವಾದರೂ ಇಷ್ಟು ಅವಸರವಾಗಿ ಆಳು ಬೇಕಾದದ್ದು ದ್ರಾಕ್ಷಿ ಕೊಯ್ಲಿಗೇ ಇರಬೇಕು. ಅದು ಆಗಸ್ಟ್ ಸೆಪ್ಟೆಂಬರ್ ಬಿಸಿಲಿನ ಕೆಲಸ. ಬೆಳಗಿನವರು ಗೊಣಗಿದ್ದು ಸುಮ್ಮನೆ ಅಲ್ಲ.

ಆದರೆ ನಾಣ್ಯದ ಕಡೆಯಿಂದ ನೋಡಿ. ಡೆನಾರಿಯಸ್ ಎಂಬ ಆ ರೋಮನ್ ನಾಣ್ಯ ನಾಲ್ಕು ಗ್ರಾಂಗೂ ತುಸು ಕಡಿಮೆ ತೂಗುತ್ತಿತ್ತು. ಕೂಲಿಯವನ ಮನೆಯ ಒಲೆ ಒಂದು ದಿನ ಉರಿಯಲು ಬೇಕಾದದ್ದು ಅಷ್ಟು. ಅದರ ಹನ್ನೆರಡನೆಯ ಒಂದು ಪಾಲು ಹಿಡಿದು ಮನೆಗೆ ಹೋದವನ ಮಕ್ಕಳು ಏನು ಉಣ್ಣಬೇಕು? ಬಡ ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿದ್ದೂ ಇದೇ ಕಾರಣಕ್ಕೆ. ಯಜಮಾನ ದುಡಿಮೆಯ ತಾಸುಗಳನ್ನಲ್ಲ, ಹಸಿವನ್ನು ಎಣಿಸಿದ.

ಸಂಜೆಯವರು ಸೋಮಾರಿಗಳೂ ಅಲ್ಲ. ಯಾಕೆ ಸುಮ್ಮನೆ ನಿಂತಿದ್ದೀರೆಂದು ಕೇಳಿದಾಗ, ತಮ್ಮನ್ನು ಯಾರೂ ಕರೆಯಲಿಲ್ಲವೆಂದರು. ನಮ್ಮ ಊರುಗಳ ಸರ್ಕಲ್‌ಗಳಲ್ಲಿ ಬೆಳಗ್ಗೆ ಬುತ್ತಿ ಹಿಡಿದು ನಿಲ್ಲುವವರನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಮೇಸ್ತ್ರಿ ಮೊದಲು ಕರೆಯುವುದು ಗಟ್ಟಿಮುಟ್ಟಾದವರನ್ನು. ವಯಸ್ಸಾದವರು, ಸಣಕಲು ಮೈಯವರು ಹತ್ತು ಗಂಟೆಯಾದರೂ ಅಲ್ಲೇ ಇರುತ್ತಾರೆ. ಶಾಲೆಯ ಮೈದಾನದಲ್ಲೂ ಅಷ್ಟೆ. ಕಬಡ್ಡಿಗೆ ಎರಡು ತಂಡ ಆರಿಸುವಾಗ ಕೊನೆಗೆ ಒಬ್ಬ ಹುಡುಗ ಉಳಿಯುತ್ತಾನಲ್ಲ, ಅವನು ಹೊತ್ತು ಮೀರಿ ಬಂದವನಲ್ಲ. ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದವನೂ ಆಗಿರಬಹುದು. ಒಮ್ಮೆ ಅವನ ಹೆಸರನ್ನು ಮೊದಲು ಕೂಗಲು ನಾಯಕನಿಗೆ ಏನೂ ಖರ್ಚಿಲ್ಲ.

ಕತೆಯಲ್ಲಿ ಇನ್ನೊಂದು ಚಮತ್ಕಾರವಿದೆ. ಯಜಮಾನ ಬೆಳಗಿನವರಿಗೆ ಮೊದಲು ಕೊಟ್ಟು ಕಳಿಸಿದ್ದರೆ ಅವರು ತೃಪ್ತಿಯಿಂದ ಮನೆಗೆ ಹೋಗಿರುತ್ತಿದ್ದರು. ಅವನು ಬೇಕೆಂದೇ ಕೊನೆಯವರಿಂದ ಆರಂಭಿಸಿದ. ಅದನ್ನು ಕಂಡಮೇಲೆಯೇ, ಒಪ್ಪಿಕೊಂಡಿದ್ದ ಕೂಲಿ ಅವರಿಗೆ ಕಡಿಮೆಯೆನಿಸಿತು. ಕನ್ನಡದಲ್ಲಿ ಈ ಕಿಚ್ಚು ಇರುವುದು ಹೊಟ್ಟೆಯಲ್ಲಿ; ಮೂಲ ಗ್ರೀಕ್ ಪಾಠದಲ್ಲಿ ಕಣ್ಣಿನಲ್ಲಿ. ಎಂಬತ್ತನಾಲ್ಕು ಅಂಕ ಪಡೆದು ಕುಣಿಯುತ್ತಾ ಬಂದ ಮಗಳಿಗೆ, ಪಕ್ಕದ ಮನೆಯವಳಿಗೆ ಎಷ್ಟು ಬಂತೆಂದು ಕೇಳುವ ತಂದೆತಾಯಿಗಳು ಈ ಕಣ್ಣನ್ನೇ ಮಕ್ಕಳಿಗೂ ಕೊಡುತ್ತಾರೆ. ಗಮನಿಸಿ, ಯಜಮಾನ ಬೆಳಗಿನವರ ಪಾಲಿನಿಂದ ಚೂರನ್ನೂ ಮುರಿದುಕೊಳ್ಳಲಿಲ್ಲ. ಕೊಟ್ಟದ್ದು ತನ್ನ ಗಂಟಿನಿಂದ. ಇನ್ನೊಬ್ಬರ ಜೇಬಿನಿಂದ ತೆಗೆದು ಹಂಚುವುದಕ್ಕೆ ಔದಾರ್ಯವೆಂಬ ಹೆಸರು ಸಲ್ಲದು.

ಈ ಕತೆಗೆ ನಮ್ಮ ದೇಶದ ನಂಟೂ ಉಂಟು. ಇಂಗ್ಲೆಂಡಿನ ಜಾನ್ ರಸ್ಕಿನ್ 1860ರಲ್ಲಿ ಬರೆದ ಅರ್ಥಶಾಸ್ತ್ರದ ಲೇಖನಗಳಿಗೆ ಇದೇ ಯಜಮಾನನ ಮಾತಿನಿಂದ 'ಅಂಟು ದಿಸ್ ಲಾಸ್ಟ್' ಎಂಬ ಹೆಸರನ್ನು ಆರಿಸಿದ. ಕೊನೆಯವನಿಗೂ ಎಂಬ ಅರ್ಥ ಅದರದು. ಓದುಗರು ರೇಗಿದ್ದರಿಂದ ನಾಲ್ಕೇ ಲೇಖನಕ್ಕೆ ಪತ್ರಿಕೆ ಅದನ್ನು ನಿಲ್ಲಿಸಿತು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲು ಹತ್ತಿದ ಗಾಂಧೀಜಿಯ ಕೈಗೆ ಗೆಳೆಯ ಹೆನ್ರಿ ಪೋಲಾಕ್ ಆ ಪುಸ್ತಕವನ್ನಿತ್ತರು. ಗಾಂಧೀಜಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. 1908ರಲ್ಲಿ ಅದರ ಸಾರವನ್ನು ಗುಜರಾತಿಯಲ್ಲಿ ಬರೆದಾಗ ಅವರು ಇಟ್ಟ ಹೆಸರು 'ಸರ್ವೋದಯ'.

ಓದಿ ಸುಮ್ಮನಾಗದೆ, ಡರ್ಬನ್ನಿನಿಂದ ಹದಿನಾಲ್ಕು ಮೈಲಿ ದೂರದ ಫೀನಿಕ್ಸ್‌ನಲ್ಲಿ ಜಮೀನು ಕೊಂಡು 'ಇಂಡಿಯನ್ ಒಪೀನಿಯನ್' ಪತ್ರಿಕೆಯ ಮುದ್ರಣಾಲಯವನ್ನು ಅಲ್ಲಿಗೆ ಸಾಗಿಸಿದರು. ಮೈಬಣ್ಣ, ದೇಶಗಳ ಭೇದವಿಲ್ಲದೆ ಎಲ್ಲರಿಗೂ ತಿಂಗಳಿಗೆ ಮೂರು ಪೌಂಡ್ ಎಂದು ಗೊತ್ತುಮಾಡಿದರು. ಒಪ್ಪದವರು ಹಿಂದಿನ ಸಂಬಳವನ್ನೇ ಪಡೆಯುತ್ತಾ ಹೋಗಬಹುದಿತ್ತು. ಮೊದಲು ಒಪ್ಪಿದವರಲ್ಲಿ ಆಲ್ಬರ್ಟ್ ವೆಸ್ಟ್ ಒಬ್ಬರು. ಮುದ್ರಣಾಲಯಕ್ಕೆ ಅವರು ಬಂದಿದ್ದು ತಿಂಗಳಿಗೆ ಹತ್ತು ಪೌಂಡಿನ ಮಾತಿನ ಮೇಲೆ.